ಸಾಕ್ಷಿಪ್ರಜ್ಞೆ ಇದೆ, ಸಾಕ್ಷಿ ಎಲ್ಲಿ?

ಕನ್ನಡ ವಿಮರ್ಶೆಗೆ ಬಹಳ ಪ್ರಿಯವಾದ ಒಂದು ಮಾತಿದೆ: ಸಾಕ್ಷಿಪ್ರಜ್ಞೆ. ಲೇಖಕ ಅಂದರೆ ಸಮಾಜದ ಸಾಕ್ಷಿಪ್ರಜ್ಞೆ ಅಂತ ಮುನ್ನುಡಿಗಳಲ್ಲಿ, ಸನ್ಮಾನದ ಭಾಷಣಗಳಲ್ಲಿ, ತೀರಿಕೊಂಡವರ ಮೇಲಿನ ಲೇಖನಗಳಲ್ಲಿ ಹೇಳುತ್ತಲೇ ಬಂದಿದ್ದಾರೆ. ನವ್ಯದವರೂ ಹೇಳಿದರು, ನವ್ಯವನ್ನು ಬೈದ ನಮ್ಮ ಬಂಡಾಯದವರೂ ಹೇಳಿದರು. ಆದರೆ ಈ ಮಾತಿನ ಮೊದಲರ್ಧ ಇದೆಯಲ್ಲ, 'ಸಾಕ್ಷಿ', ಅದು ನಮ್ಮ ಕೇರಿಗಳಲ್ಲಿ ಪ್ರಜ್ಞೆಯ ವಿಷಯ ಅಲ್ಲ. ಅದು ಸಮನ್ಸಿನ ವಿಷಯ. ಕ್ಯಾಸಂಬಳ್ಳಿಯ ಕಡೆ ತಾಯಂದಿರು ಮಕ್ಕಳಿಗೆ 'ಏನಾದ್ರೂ ಮಾಡು, ಸಾಕ್ಷಿಗೆ ಮಾತ್ರ ಹೋಗಬ್ಯಾಡಪ್ಪಾ' ಅಂತಾರೆ. ಸಾಹಿತಿಗೆ ಬಿರುದಾಗಿರೋದು ಕೂಲಿಯವನಿಗೆ ಕಂಟಕವಾಗಿದೆ. ಒಂದೇ ಪದ ವೇದಿಕೆ ಮೇಲೆ ಶಾಲು ಹೊದೆಸಿಕೊಳ್ಳುತ್ತೆ, ಕೇರಿಯಲ್ಲಿ ಬಾಗಿಲು ಹಾಕಿಕೊಳ್ಳುತ್ತೆ. ಇದು ಯಾಕೆ ಅಂತ ನಮ್ಮ ವಿಮರ್ಶೆ ಕೇಳಬೇಕಿತ್ತು. ಕೇಳಲಿಲ್ಲ.

ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ್ದು 1979ರ ಮಾರ್ಚ್ ತಿಂಗಳಲ್ಲಿ. ಅದಾಗಿ 21 ವರ್ಷಕ್ಕೆ, ಅದೇ ಮಾರ್ಚ್ ತಿಂಗಳಲ್ಲಿ, 2000ನೇ ಇಸವಿ 11ನೇ ತಾರೀಖು, ಆಗ ಕೋಲಾರ ಜಿಲ್ಲೆಗೇ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೇ ಸಜೀವ ಸುಟ್ಟರು. ಹೋರಾಟ ನಡೆಯಿತು, ಮೆರವಣಿಗೆ ನಡೆಯಿತು, ಮಂತ್ರಿಗಳು ಬಂದು ಹೋದರು. ನಾವು ಪದ್ಯ ಬರೆದೆವು. 2006ರ ಡಿಸೆಂಬರಿನಲ್ಲಿ ವಿಚಾರಣಾ ನ್ಯಾಯಾಲಯ 46 ಆರೋಪಿಗಳನ್ನೂ ಬಿಡುಗಡೆ ಮಾಡಿತು. 2014ರಲ್ಲಿ ಹೈಕೋರ್ಟೂ ಆ ಬಿಡುಗಡೆಯನ್ನೇ ಎತ್ತಿಹಿಡಿಯಿತು. ಕಾರಣ ಎಲ್ಲರಿಗೂ ಗೊತ್ತಿರುವುದೇ: ಸಾಕ್ಷಿಗಳು ತಿರುಗಿಬಿದ್ದರು. ಏಳು ಜನ ಸತ್ತಿದ್ದು ನಿಜ, ಬೆಂಕಿ ಬಿದ್ದಿದ್ದು ನಿಜ. ಹಚ್ಚಿದವರು ಮಾತ್ರ ಕಾನೂನಿನ ಕಣ್ಣಿಗೆ ಇವತ್ತಿಗೂ ಯಾರೂ ಇಲ್ಲ.

ಕೋರ್ಟಿನ ಭಾಷೆಯಲ್ಲಿ ಹೀಗೆ ತಿರುಗಿಬಿದ್ದವನಿಗೆ 'ಪ್ರತಿಕೂಲ ಸಾಕ್ಷಿ' ಅಂತಾರೆ. ಭಾಷೆಯ ಮೇಲೆ ಕೆಲಸ ಮಾಡೋ ನಾವು ಈ ಪದವನ್ನ ಬಿಡಿಸಿ ನೋಡಬೇಡವೆ? ಯಾರು ಯಾರಿಗೆ ಪ್ರತಿಕೂಲ? ಸಾಕ್ಷಿ ಹೇಳೋ ಹೆಣ್ಣುಮಗಳು ಕೂಲಿಗೆ ಹೋಗೋದು ಊರಿನವರ ಟೊಮ್ಯಾಟೊ ತೋಟಕ್ಕೆ. ಅವಳ ಹಸು ಮೇಯೋದು ಅವರ ಬದುವಿನಲ್ಲಿ. ಹಾಲು ಹಾಕೋ ಡೈರಿ ಅವರ ಬೀದಿಯಲ್ಲಿ. ನೀರು ಬರೋ ಬೋರ್‌ವೆಲ್ಲಿನ ಬೀಗ ಅವರ ಕೈಯಲ್ಲಿ. ಕೇಸು ಆರು ವರ್ಷ ನಡೆದರೆ ಆರು ವರ್ಷವೂ ಅವಳು ಇದೇ ಊರಲ್ಲಿ ಬಾಳಬೇಕು. ಸಾಲದ್ದಕ್ಕೆ ಅವಳ ಗಂಡನ ಮೇಲೊಂದು ಎದುರು ಕೇಸು, ರಾಜಿ ಪಂಚಾಯ್ತಿ, ಒಂದಿಷ್ಟು ದುಡ್ಡು, ಒಂದಿಷ್ಟು ಬೆದರಿಕೆ. ಊರು ಪ್ರತಿಕೂಲ, ಕಾಲ ಪ್ರತಿಕೂಲ, ಹೊಟ್ಟೆ ಪ್ರತಿಕೂಲ. ಇಷ್ಟೆಲ್ಲ ಪ್ರತಿಕೂಲಗಳ ನಡುವೆ ನಿಂತವಳಿಗೆ ಒಂದು ದಿನ ಕಟಕಟೆಯಲ್ಲಿ 'ನಾನು ನೋಡಲಿಲ್ಲ ಸ್ವಾಮಿ' ಅಂದಾಗ 'ಪ್ರತಿಕೂಲ' ಅನ್ನೋ ಮುದ್ರೆ ಒತ್ತುತ್ತಾರೆ. ಈ ಪದದ ವ್ಯಾಕರಣದಲ್ಲೇ ಜಾತಿ ಇದೆ.

ನಮ್ಮ ಸಾಹಿತ್ಯದಲ್ಲಿ ಇದನ್ನು ಕಂಡವರು ಇಲ್ಲ ಅಂತಲ್ಲ. ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಪೊಲೀಸರು ಸಾಕವ್ವನ ಗುಡಿಸಲಿಗೆ ನುಗ್ಗಿ ಶೋಧ ಮಾಡುತ್ತಾರೆ. ಸಾಕವ್ವನ ಕೋಳಿ ಕಳೆದಿರೋದು ಯಾವ ಠಾಣೆಯ ಪುಸ್ತಕಕ್ಕೂ ಏರುವುದಿಲ್ಲ. ಸಾಹುಕಾರನ ಕಡಲೆಕಾಯಿ ಕಳುವಾದರೆ ಮಾತ್ರ ಅದು ಕೇಸು. ಬಡವರ ನಷ್ಟ ದೂರಾಗುವುದೇ ಇಲ್ಲ, ಬಡವರು ಮಾತ್ರ ಆರೋಪಿಗಳಾಗುತ್ತಾರೆ ಅನ್ನೋದನ್ನ ಇಷ್ಟು ತಣ್ಣಗೆ ಹೇಳಿದ ಕತೆ ಕನ್ನಡದಲ್ಲಿ ಇನ್ನೊಂದಿಲ್ಲ. 'ಕುಸುಮಬಾಲೆ' ಇನ್ನೂ ಮುಂದೆ ಹೋಗುತ್ತೆ. ಅಲ್ಲಿ ಚನ್ನನ ಕೊಲೆಯಾಗುತ್ತೆ. ಆ ಲೋಕದಲ್ಲಿ ಮಾತಾಡೋರು ಯಾರು? ರಾತ್ರಿ ಸೇರೋ ಜೋತಮ್ಮಗಳು ಮಾತಾಡುತ್ತವೆ, ಮಂಚ ಮಾತಾಡುತ್ತೆ. ವಿಮರ್ಶಕರು ಇದನ್ನ ಜಾನಪದದ ಚೆಲುವು ಅಂದರು, ಮಾಂತ್ರಿಕ ವಾಸ್ತವತೆ ಅಂದರು. ನಾನು ಬೇರೆ ಥರ ಓದುತ್ತೇನೆ. ಮನುಷ್ಯರು ಸಾಕ್ಷಿ ಹೇಳಲಾರದ ಊರಿನಲ್ಲಿ ದೀಪ ಮತ್ತು ಮಂಚ ಬಾಯಿ ತೆರೆಯಬೇಕಾಗುತ್ತೆ. ಅದು ಚೆಲುವಿಗಿಂತ ಮೊದಲು ಒಂದು ಆಪಾದನೆ. ದೀಪಕ್ಕೆ ಕೂಲಿ ತಪ್ಪುವುದಿಲ್ಲ, ಮಂಚಕ್ಕೆ ಬಹಿಷ್ಕಾರ ಇಲ್ಲ, ಅದಕ್ಕೇ ಅವು ಮಾತಾಡುತ್ತವೆ.

ಇನ್ನು ನಮ್ಮ ಕವಿತೆಗಳು. ಕೊಲೆ ನಡೆದ ವಾರದೊಳಗೆ ಹತ್ತು ಪದ್ಯ ಹುಟ್ಟುತ್ತವೆ. ಬೆಂಕಿ, ರಕ್ತ, ಬೂದಿ, ಉರಿಯೋ ಕಣ್ಣು, ಎದ್ದು ನಿಲ್ಲೋ ಹೆಣ. ಆ ಸಿಟ್ಟು ಸುಳ್ಳಲ್ಲ, ಬೇಕಾದದ್ದೇ. ಆದರೆ ಈ ಪದ್ಯಗಳಲ್ಲಿ ಸತ್ತವರಿರುತ್ತಾರೆ, ಕೊಂದವರಿರುತ್ತಾರೆ, ನಡುವೆ ಬದುಕುಳಿದು ಎಲ್ಲ ನೋಡಿದವಳು ಇರುವುದಿಲ್ಲ. ಹೆಣ ಕವಿತೆಗೆ ಒದಗುವ ವಸ್ತು, ಯಾಕಂದರೆ ಹೆಣ ಬಸ್ ಚಾರ್ಜು ಕೇಳುವುದಿಲ್ಲ. ಸಾಕ್ಷಿ ಕೇಳುತ್ತಾಳೆ. 'ಅಣ್ಣಾ, ಕೋಲಾರಕ್ಕೆ ಹದಿನಾಲ್ಕನೇ ತಾರೀಖು ವಾಯಿದೆ ಐತೆ, ಜತೇಲಿ ಬರ್ತೀಯಾ?' ಅಂತಾಳೆ. ಈ ಸಾಲು ಯಾವ ಛಂದಸ್ಸಿಗೂ ಒಗ್ಗುವುದಿಲ್ಲ ಅಂತ ನಾವು ಅದನ್ನ ಬರೆಯಲಿಲ್ಲ.

ಬರೆಯದೆ ಬಿಟ್ಟ ಆ ಸಾಲನ್ನ ವಿಚಿತ್ರವೆಂಬಂತೆ ಕಾನೂನು ಬರೆದುಕೊಂಡಿದೆ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯಿದೆ 1989ರದು. ಅದರ 1995ರ ನಿಯಮಗಳಲ್ಲಿ 11ನೆಯದನ್ನ ಓದಿ ನೋಡಿ. ಸಾಕ್ಷಿಗೆ ಪ್ರಯಾಣದ ಖರ್ಚು ಕೊಡಬೇಕು. ದಿನದ ಭತ್ಯೆ ಕನಿಷ್ಠ ಕೂಲಿಗಿಂತ ಕಡಿಮೆ ಇರಬಾರದು. ಹಣ ತಕ್ಷಣ ಇಲ್ಲವೆ 3 ದಿನದೊಳಗೆ ಸಿಗಬೇಕು. ಸಾಕ್ಷಿ ಹೆಂಗಸಾಗಿದ್ದರೆ, 60 ದಾಟಿದವರಾಗಿದ್ದರೆ, ತಮಗೆ ಬೇಕಾದವರೊಬ್ಬರನ್ನ ಜತೆಗೆ ಕರಕೊಂಡು ಹೋಗಬಹುದು, ಜತೆಗೆ ಹೋದವರಿಗೂ ಖರ್ಚು ಕೊಡಬೇಕು. 2016ರ ಜನವರಿಯಿಂದ ಜಾರಿಗೆ ಬಂದ ತಿದ್ದುಪಡಿ 15ಎ ಅನ್ನೋ ಕಲಮನ್ನ ಸೇರಿಸಿತು. ಅದರ ಪ್ರಕಾರ ಜಾಮೀನಿನ ಅರ್ಜಿ ಬಂದರೂ ನೊಂದವರಿಗೆ ಮೊದಲೇ ತಿಳಿಸಬೇಕು, ಅವರ ಮಾತು ಕೇಳಬೇಕು. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ಸಂಘಟನೆಗಳ, ಸಮಾಜ ಕಾರ್ಯಕರ್ತರ, ವಕೀಲರ ನೆರವು ಪಡೆಯುವುದು ನೊಂದವರ ಹಕ್ಕು. 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಸಾಕ್ಷಿ ರಕ್ಷಣಾ ಯೋಜನೆಯೊಂದನ್ನ ಒಪ್ಪಿ ಇಡೀ ದೇಶಕ್ಕೆ ಅನ್ವಯ ಅಂದಿತು. ಬೆದರಿಕೆ ಇದೆ ಅಂತ ಸಾಕ್ಷಿ ಅರ್ಜಿ ಕೊಟ್ಟರೆ ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿ ಪೊಲೀಸರಿಂದ ವರದಿ ತರಿಸಿ ರಕ್ಷಣೆ ಕೊಡಬೇಕು. 2024ರ ಜುಲೈಯಿಂದ ಜಾರಿಯಲ್ಲಿರೋ ಹೊಸ ದಂಡ ಪ್ರಕ್ರಿಯಾ ಸಂಹಿತೆಯೂ ಇಂಥ ಯೋಜನೆ ಮಾಡಬೇಕು ಅಂತ ಪ್ರತಿ ರಾಜ್ಯಕ್ಕೆ ಹೇಳಿದೆ.

ಓದೋಕೆ ಚೆನ್ನಾಗಿದೆ. ಆದರೆ ಈ ಪಠ್ಯಕ್ಕೆ ಓದುಗರೇ ಇಲ್ಲ. ಯಾರಿಗಾಗಿ ಬರೆದರೋ ಅವರಿಗೆ ಓದು ಬರುವುದಿಲ್ಲ, ಓದು ಬರುವವರಿಗೆ ಇದು ಸಾಹಿತ್ಯ ಅನಿಸುವುದಿಲ್ಲ. ಕೇರಿಯ ಮೊದಲ ಪದವೀಧರ ಅಂತ ಹಾರ ಹಾಕಿಸಿಕೊಂಡ ನಮ್ಮಂಥವರ ಓದು ಇಲ್ಲಿ ಅಲ್ಲದೆ ಮತ್ತೆಲ್ಲಿ ಉಪಯೋಗಕ್ಕೆ ಬರಬೇಕು? ಸಾಕ್ಷಿಯ ಜತೆ ನಿಲ್ಲೋ ಕೆಲಸಕ್ಕೆ ಕರಿ ಕೋಟು ಬೇಕಾಗಿಲ್ಲ. ವಾಯಿದೆ ತಾರೀಖು ಬರೆದಿಟ್ಟುಕೊಳ್ಳಬೇಕು. ಭತ್ಯೆಗೆ ಅರ್ಜಿ ಬರೆದು ರಸೀದಿ ಈಸಿಕೊಳ್ಳಬೇಕು. ಘಟನೆ ನಡೆದ ಹೊಸದರಲ್ಲೇ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ದಾಖಲಾಗುವಂತೆ ಒತ್ತಾಯಿಸಬೇಕು. ಬೆದರಿಕೆ ಬಂದರೆ ಯಾವತ್ತು, ಎಷ್ಟೊತ್ತಿಗೆ, ಯಾರು, ಏನಂದರು ಅಂತ ಅವತ್ತೇ ಬರೆದು ಕೊಡಬೇಕು. ಕೋರ್ಟಿನ ವರಾಂಡದಲ್ಲಿ ಆರೋಪಿಗಳ ಕಡೆಯವರು ಮೂವತ್ತು ಜನ ನಿಂತಿರುವಾಗ ಇವಳ ಕಡೆ ಒಬ್ಬರಾದರೂ ನಿಂತಿರಬೇಕು.

ಇಲ್ಲೊಂದು ಎಚ್ಚರ ಬೇಕು, ಅದು ಕವಿಗಳಿಗೇ ವಿಶೇಷವಾಗಿ ಬೇಕು. ನಮ್ಮ ಕಸುಬೇ ಮಾತಿಗೆ ಮಾತು ಸೇರಿಸೋದು. ಹತ್ತು ಜನ ಬಂದರು ಅನ್ನೋ ಕಡೆ ಊರಿಗೆ ಊರೇ ಬಂತು ಅಂದರೆ ಪದ್ಯ ಏರುತ್ತೆ. ಕಟಕಟೆಯಲ್ಲಿ ಅದೇ ಮಾತು ಕೇಸನ್ನ ಮುಳುಗಿಸುತ್ತೆ. ಪೊಲೀಸರ ಹತ್ತಿರ ಹತ್ತು ಅಂದವಳು ಕೋರ್ಟಲ್ಲಿ ಊರೇ ಬಂತು ಅಂದರೆ ಎದುರು ವಕೀಲ ಪಾಟೀಸವಾಲಿನಲ್ಲಿ ಅಷ್ಟನ್ನೇ ಹಿಡಿದು ಎಳೆಯುತ್ತಾನೆ, ಸಂಶಯದ ಲಾಭ ಆರೋಪಿಗೆ ಹೋಗುತ್ತೆ. ಮೇಲಾಗಿ ನಮ್ಮ ಜಿಲ್ಲೆಯ ಎಷ್ಟೋ ಕೇರಿಗಳಲ್ಲಿ ಮನೆಮಾತು ತೆಲುಗು. ಪ್ರಶ್ನೆ ಕನ್ನಡದಲ್ಲಿ ಬರುತ್ತೆ, ಉತ್ತರ ಎರಡೂ ಬೆರೆತು ಬರುತ್ತೆ, ಕಾಗದದ ಮೇಲೆ ಮೂಡೋದು ಮೂರನೆಯದೇ ಒಂದು ಭಾಷೆ. ಆದ್ದರಿಂದ ಜತೆ ನಿಲ್ಲೋನು ಅವಳ ಬಾಯಿಗೆ ಮಾತು ತುಂಬಬಾರದು. ಹೇಳಿಕೊಟ್ಟ ಸಾಕ್ಷಿ ಕಾನೂನಿಗೂ ದ್ರೋಹ, ಅವಳಿಗೂ ದ್ರೋಹ. ನೋಡಿದ್ದನ್ನ ನೋಡಿದಷ್ಟೇ ಹೇಳೋಕೆ ಅವಳಿಗೆ ಧೈರ್ಯವಾಗಿ ನಿಲ್ಲಬೇಕು. ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ಈ ಶಿಸ್ತು ನಮ್ಮ ಪದ್ಯಕ್ಕೂ ಬಂದರೆ ಪದ್ಯಕ್ಕೇ ಲಾಭ.

ಇನ್ನೊಂದು ಅಪಾಯ, ನೆರವಿಗೆ ಬಂದವನೇ ನಾಯಕನಾಗಿಬಿಡೋದು. 2021ರ 'ಜೈ ಭೀಮ್' ಸಿನಿಮಾ ನೋಡಿ ನಾವೆಲ್ಲ ಅತ್ತಿದ್ದೇವೆ. 1993ರಲ್ಲಿ ತಮಿಳುನಾಡಿನಲ್ಲಿ ನಡೆದ ಲಾಕಪ್ ಸಾವಿನ ನಿಜ ಪ್ರಕರಣ ಅದು. ಆಗ ವಕೀಲರಾಗಿದ್ದ, ಆಮೇಲೆ ನ್ಯಾಯಮೂರ್ತಿಗಳಾದ ಚಂದ್ರು ಅವರ ಹೋರಾಟ ದೊಡ್ಡದು, ಅದರಲ್ಲಿ ಮಾತಿಲ್ಲ. ಆದರೆ ಕ್ಯಾಮೆರಾ ವಕೀಲನ ಹಿಂದೆಯೇ ಓಡುತ್ತೆ. ರಾಜಿ ದುಡ್ಡನ್ನ ಬೇಡ ಅಂದು ಎದ್ದುಬರೋ ಸೆಂಗೇಣಿ ಇಲ್ಲದಿದ್ದರೆ ಆ ವಕೀಲನಿಗೆ ಕೇಸೇ ಇರುತ್ತಿರಲಿಲ್ಲ. ಕತೆಯ ಬೆನ್ನೆಲುಬು ಅವಳು. ಸಾಕ್ಷಿಯ ಪರವಾಗಿ ಮಾತಾಡೋದು ಬೇರೆ, ಸಾಕ್ಷಿಯ ಬದಲಿಗೆ ಮಾತಾಡೋದು ಬೇರೆ.

ಜತೆ ನಿಂತರೆ ಗೆದ್ದೇ ಗೆಲ್ಲುತ್ತೇವಾ ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ನಮ್ಮ ಗಡಿಯಾಚೆ ಆಂಧ್ರದ ಚುಂಡೂರಿನಲ್ಲಿ 1991ರ ಆಗಸ್ಟ್‌ನಲ್ಲಿ ದಲಿತರ ಮಾರಣಹೋಮ ನಡೆಯಿತು. ಕವಿಯೂ ವಕೀಲರೂ ಆಗಿದ್ದ ಬೊಜ್ಜಾ ತಾರಕಂ ಅಂಥವರು ಜನರ ಜತೆ ನಿಂತರು. ಸಾಕ್ಷಿಗಳು ಪೇಟೆಗೆ ಅಲೆಯಬಾರದು ಅಂತ ಹೋರಾಡಿದ್ದಕ್ಕೆ ಕೋರ್ಟೇ ಚುಂಡೂರಿಗೆ ಬಂತು. 2007ರಲ್ಲಿ 21 ಮಂದಿಗೆ ಜೀವಾವಧಿ ಶಿಕ್ಷೆಯಾಯಿತು. 2014ರಲ್ಲಿ ಹೈಕೋರ್ಟು ಎಲ್ಲರನ್ನೂ ಬಿಟ್ಟಿತು. ಕಂಬಾಲಪಲ್ಲಿಯ ಮೇಲ್ಮನವಿ ಬಿದ್ದದ್ದೂ ಅದೇ ವರ್ಷ. ಹಾಗಂತ ಎರಡೂ ಒಂದೇ ಸೋಲಲ್ಲ. ಕಂಬಾಲಪಲ್ಲಿಯ ತೀರ್ಪಿನಲ್ಲಿ ಉಳಿದಿರೋದು ಸಾಕ್ಷಿಗಳ ಮೌನ. ಚುಂಡೂರಿನ ದಾಖಲೆಯಲ್ಲಿ ಸಾಕ್ಷಿಗಳ ಮಾತು ಉಳಿದಿದೆ, ಹೆಸರು ಹಿಡಿದು ಹೇಳಿದ ಮಾತು. ಮೇಲಿನ ಕೋರ್ಟು ಅದನ್ನ ತಳ್ಳಿಹಾಕಬಹುದು, ಅಳಿಸಲಾರದು. ನಮ್ಮ ಕೊಪ್ಪಳದ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರಿನಲ್ಲಿ, ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆ ಕೇಸೂ ಹೈಕೋರ್ಟಿನ ಮೆಟ್ಟಿಲು ಹತ್ತಿದೆ, ಕೊನೆ ಏನಾಗುತ್ತೋ ಮುಂದೆ ನೋಡಬೇಕು. ಆದರೆ ಹತ್ತು ವರ್ಷ ಅದೇ ನೆಲದಲ್ಲಿ ಬಾಳುತ್ತಾ ಹೇಳಿದ ಮಾತಿಗೆ ನಿಲ್ಲೋದು ಸಾಧ್ಯ ಅಂತ ಆ ಜನ ತೋರಿಸಿದ್ದಾರೆ.

ಹಾಗಾಗಿ ನಮ್ಮ ವಿಮರ್ಶೆಯ ಅಳತೆಗೋಲನ್ನ ಸ್ವಲ್ಪ ಬದಲಾಯಿಸೋಣ. ಒಂದು ಕವಿತೆ ಬೆಂಕಿಯ ಬಗ್ಗೆ ಎಷ್ಟು ಚೆನ್ನಾಗಿ ಬರೆದಿದೆ ಅನ್ನೋದರ ಜತೆಗೆ, ಬೆಂಕಿಯನ್ನ ಕಂಡವಳಿಗೆ ಅದರಲ್ಲಿ ಜಾಗ ಇದೆಯಾ ಅಂತಲೂ ಕೇಳೋಣ. ಪದ್ಯ ಓದಿ ಚಪ್ಪಾಳೆ ತಗೊಂಡ ಕಾರ್ಯಕರ್ತ ಗೆಳೆಯರು, ಹಳ್ಳಿ ಮೇಷ್ಟ್ರುಗಳು, ಹಾಸ್ಟೆಲಿನ ಹುಡುಗ ಹುಡುಗಿಯರು ತಾಲ್ಲೂಕಿಗೊಂದು ನೋಟುಬುಕ್ಕು ಇಡಲಿ. ಯಾವ ಕೇಸು, ಮುಂದಿನ ವಾಯಿದೆ ಯಾವತ್ತು, ಸಾಕ್ಷಿಯ ಜತೆ ಹೋಗೋರು ಯಾರು, ಭತ್ಯೆ ಬಂತಾ ಇಲ್ಲವಾ. ಅದೂ ಬರವಣಿಗೆಯೇ. ಸಾಕ್ಷಿಪ್ರಜ್ಞೆ ಅನ್ನೋ ದೊಡ್ಡ ಮಾತಿಗೆ ಆ ನೋಟುಬುಕ್ಕಿನಲ್ಲಿ ಒಂದು ಸಾಲಿನ ಲೆಕ್ಕವಾದರೂ ಸಿಗಬೇಕು. ಸಿಗದಿದ್ದರೆ ಆ ಬಿರುದನ್ನ ವಾಪಸು ಕೊಟ್ಟುಬಿಡೋಣ, ಅದು ಕಟಕಟೆಯಲ್ಲಿ ಒಂಟಿಯಾಗಿ ನಿಂತವಳಿಗೆ ಸೇರಬೇಕಾದ್ದು.