ಆಯ್ಕೆಯ ಎರಡು ಮಾರ್ಗಗಳು: ಯೂರೋವಿಷನ್ ಸ್ಪರ್ಧೆಗೆ ಉಕ್ರೇನಿನ ಹಾಡು ಮತ್ತು ಜನಪದ ಪ್ರಜ್ಞೆ

ಜನಪದ ಗೀತೆಯ ಹುಟ್ಟನ್ನು ಕುರಿತ ಚರ್ಚೆಯಲ್ಲಿ ‘ಯಾರು ಕಟ್ಟಿದರು’ ಎಂಬ ಪ್ರಶ್ನೆಗಿಂತ ‘ಯಾರು ಉಳಿಸಿಕೊಂಡರು’ ಎಂಬ ಪ್ರಶ್ನೆ ಹೆಚ್ಚು ಮುಖ್ಯವಾದುದು. ಪ್ಯೋತರ್ ಬೊಗಾತಿರ್ಯೊವ್ ಮತ್ತು ರೋಮನ್ ಯಾಕಬ್ಸನ್ 1929ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನವೊಂದರಲ್ಲಿ ಈ ವಿಚಾರವನ್ನು ಸೈದ್ಧಾಂತಿಕವಾಗಿ ಮಂಡಿಸಿದರು. ವ್ಯಕ್ತಿಯೊಬ್ಬ ಕಟ್ಟಿದ ರಚನೆಯನ್ನು ಸಮುದಾಯ ಒಪ್ಪಿ ಮತ್ತೆ ಮತ್ತೆ ಹಾಡಿದಾಗ ಮಾತ್ರ ಅದು ಜನಪದವಾಗುತ್ತದೆ. ಒಪ್ಪದಿದ್ದರೆ ಗುರುತೂ ಉಳಿಯದಂತೆ ಅಳಿದುಹೋಗುತ್ತದೆ ಎಂಬುದು ಅವರ ವಾದ. ಇದನ್ನು ಅವರು ಸಮುದಾಯದ ಪೂರ್ವನಿರೋಧಕ ಪರಿಶೀಲನೆ ಎಂದು ಕರೆದರು. ಈ ಪರಿಶೀಲನೆಗೆ ಸಭೆಯಿಲ್ಲ, ಮತಪತ್ರವಿಲ್ಲ, ಗಡುವೂ ಇಲ್ಲ. ತಲೆಮಾರುಗಳ ಬಾಯಲ್ಲಿ ನಡೆಯುವ ಈ ಜರಡಿಯಲ್ಲಿ ಉಳಿದದ್ದೇ ಹಾಡು.

ಆಧುನಿಕ ರಾಷ್ಟ್ರವೂ ಹಾಡನ್ನು ಆಯ್ಕೆ ಮಾಡುತ್ತದೆ. ಆದರೆ ಅದರ ಮಾರ್ಗ ಬೇರೆ. ಒಂದು ರಾತ್ರಿಯ ನೇರಪ್ರಸಾರದಲ್ಲಿ ಕೆಲವು ತೀರ್ಪುಗಾರರು ಹಾಗೂ ದೂರವಾಣಿಯ ಮೂಲಕ ಮತ ಹಾಕುವ ಪ್ರೇಕ್ಷಕರು ಸೇರಿ ‘ಇದು ನಮ್ಮ ಹಾಡು’ ಎಂದು ನಿರ್ಣಯಿಸುತ್ತಾರೆ. ಯೂರೋವಿಷನ್ ಗೀತಸ್ಪರ್ಧೆಗಾಗಿ ನಡೆಯುವ ರಾಷ್ಟ್ರೀಯ ಸುತ್ತುಗಳು ಇದಕ್ಕೆ ಸ್ಪಷ್ಟ ನಿದರ್ಶನ. ಉಕ್ರೇನ್ ದೇಶದಲ್ಲಿ 2016ರಿಂದ ಈ ಸುತ್ತಿಗೆ ‘ವಿದ್ಬಿರ್’ ಎಂದು ಹೆಸರು. ಉಕ್ರೇನಿಯನ್ ಭಾಷೆಯಲ್ಲಿ ಆ ಪದದ ಅರ್ಥವೇ ‘ಆಯ್ಕೆ’. ಉಕ್ರೇನಿನ ಅನುಭವ ಜಾನಪದ ವಿದ್ವಾಂಸರಿಗೆ ವಿಶೇಷವಾಗಿ ಪ್ರಸ್ತುತವಾಗುವುದಕ್ಕೆ ಕಾರಣವಿದೆ. ಆ ದೇಶ ಪದೇ ಪದೇ ತನ್ನ ಜನಪದ ಸಾಮಗ್ರಿಯನ್ನು ಈ ವೇದಿಕೆಗೆ ತಂದಿದೆ. ಮಾತ್ರವಲ್ಲ, ಆ ಸಾಮಗ್ರಿ ಯಾರದು, ಅದನ್ನು ಹಾಡುವ ಅರ್ಹತೆ ಯಾರಿಗಿದೆ ಎಂಬ ಪ್ರಶ್ನೆಗಳು ಅಲ್ಲಿ ರಾಜಕೀಯ ಬಿಕ್ಕಟ್ಟಿನ ನಡುವೆಯೇ ಎದ್ದಿವೆ.

ಯೂರೋವಿಷನ್ 1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೊ ನಗರದಲ್ಲಿ ಏಳು ದೇಶಗಳೊಡನೆ ಆರಂಭವಾಯಿತು. ಯೂರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ ಇದನ್ನು ನಡೆಸುತ್ತದೆ. ಉಕ್ರೇನ್ ಮೊದಲು ಭಾಗವಹಿಸಿದ್ದು 2003ರಲ್ಲಿ. ಸ್ಪರ್ಧೆಯ ನಿಯಮಗಳಲ್ಲಿ ಮೂರು ಇಲ್ಲಿಯ ಚರ್ಚೆಗೆ ಮುಖ್ಯ. ಹಾಡು ಮೂರು ನಿಮಿಷ ಮೀರಬಾರದು. ಅದು ಹೊಸದಾಗಿರಬೇಕು, ಎಂದರೆ ಗೊತ್ತುಪಡಿಸಿದ ದಿನಾಂಕಕ್ಕಿಂತ ಮೊದಲು ಬಿಡುಗಡೆಯಾಗಿರಬಾರದು. ಸಾಹಿತ್ಯದಲ್ಲಿ ರಾಜಕೀಯ ಇರಬಾರದು. ಈ ಮೂರೂ ಜನಪದ ಗೀತೆಯ ಸ್ವಭಾವಕ್ಕೆ ಎದುರಾಗಿವೆ. ಆಚರಣೆಯ ಹಾಡು ಆಚರಣೆ ಮುಗಿಯುವವರೆಗೆ ನಡೆಯುತ್ತದೆ. ಅದಕ್ಕೆ ಬಿಡುಗಡೆಯ ದಿನಾಂಕವಿಲ್ಲ. ಅದು ಹುಟ್ಟಿದ ನೆಲದ ನೋವು, ಸಿಟ್ಟುಗಳಿಂದ ಅದನ್ನು ಬಿಡಿಸಿ ತೆಗೆಯಲು ಬರುವುದಿಲ್ಲ.

ಉಕ್ರೇನಿನ ಮೊದಲ ಗೆಲುವು 2004ರಲ್ಲಿ ಇಸ್ತಾಂಬುಲ್‌ನಲ್ಲಿ ರುಸ್ಲಾನಾ ಅವರ ‘ವೈಲ್ಡ್ ಡ್ಯಾನ್ಸಸ್’ ಹಾಡಿನಿಂದ ಬಂದಿತು. ಅಂದು ಗಾಯಕಿಯನ್ನು ಆರಿಸಿದ್ದು ಪ್ರಸಾರ ಸಂಸ್ಥೆಯೇ; ಸಾರ್ವಜನಿಕ ಸುತ್ತು ಇರಲಿಲ್ಲ. ಕಾರ್ಪೇಥಿಯನ್ ಪರ್ವತಗಳ ಹುತ್ಸುಲ್ ಸಮುದಾಯದ ಲಯಗಳು ಮತ್ತು ತ್ರೆಂಬಿತಾ ಎಂಬ ಉದ್ದನೆಯ ಮರದ ಕಹಳೆ ಆ ಪ್ರದರ್ಶನದಲ್ಲಿ ಬಳಕೆಯಾದವು. ಕುರಿಗಾಹಿಗಳು ಬೆಟ್ಟದಿಂದ ಬೆಟ್ಟಕ್ಕೆ ಸುದ್ದಿ ಮುಟ್ಟಿಸಲು ಊದುತ್ತಿದ್ದ ಕಹಳೆ ಇಲ್ಲಿ ಪ್ರದರ್ಶನದ ಮೆರುಗಾಯಿತು. ಹ್ಯಾನ್ಸ್ ಮೋಸರ್ 1962ರಲ್ಲಿ ‘ಫೋಕ್ಲೋರಿಸಮುಸ್’ ಎಂದು ಹೆಸರಿಸಿದ ಪ್ರಕ್ರಿಯೆಗೆ, ಅಂದರೆ ಜಾನಪದವನ್ನು ಅದರ ಮೂಲ ಸಂದರ್ಭದಿಂದ ಬೇರ್ಪಡಿಸಿ ಎರಡನೆಯ ಬಳಕೆಗೆ ಒಡ್ಡುವ ಕ್ರಮಕ್ಕೆ, ಇದು ಸರಿಯಾದ ಉದಾಹರಣೆ. ಪ್ರಾದೇಶಿಕ ಸಮುದಾಯವೊಂದರ ಗುರುತು ಇಡೀ ರಾಷ್ಟ್ರದ ಗುರುತಾಗಿ ಮಾರ್ಪಟ್ಟಿತು. ಆ ಮಾರ್ಪಾಡಿನಲ್ಲಿ ಹುತ್ಸುಲರ ಅಭಿಪ್ರಾಯಕ್ಕೆ ಪ್ರತ್ಯೇಕ ಸ್ಥಾನವೇನೂ ಇರಲಿಲ್ಲ.

ಮರುವರ್ಷ ಕೀವ್ ನಗರವೇ ಸ್ಪರ್ಧೆಯ ಆತಿಥ್ಯ ವಹಿಸಿದಾಗ ಇದಕ್ಕೆ ವ್ಯತಿರಿಕ್ತವಾದ ಘಟನೆ ನಡೆಯಿತು. 2004ರ ಕೊನೆಯಲ್ಲಿ ಚುನಾವಣಾ ಅಕ್ರಮದ ವಿರುದ್ಧ ನಡೆದ ಕಿತ್ತಳೆ ಕ್ರಾಂತಿಯ ಕಾಲದಲ್ಲಿ ಗ್ರೀನ್‌ಜಾಲಿ ತಂಡದ ‘ರಾಜೋಮ್ ನಾಸ್ ಬಹಾತೊ’ ಎಂಬ ಹಾಡು ಕೀವ್‌ನ ಚೌಕದಲ್ಲಿ ನೆರೆದ ಜನರ ಘೋಷವಾಗಿತ್ತು. ಬೊಗಾತಿರ್ಯೊವ್ ಮತ್ತು ಯಾಕಬ್ಸನ್ ಹೇಳುವ ಅರ್ಥದಲ್ಲಿ ಆ ಹಾಡನ್ನು ಸಮುದಾಯ ಆಗಲೇ ಆರಿಸಿ ಆಗಿತ್ತು. 2005ರಲ್ಲಿ ಅದು ಸ್ಪರ್ಧೆಗೆ ಆಯ್ಕೆಯಾದಾಗ ಸಾಹಿತ್ಯ ರಾಜಕೀಯವಾಯಿತೆಂಬ ಕಾರಣಕ್ಕೆ ಬದಲಾಯಿಸಬೇಕಾಯಿತು. ಬದಲಾದ ಹಾಡು ಅಂತಿಮ ಪಟ್ಟಿಯ ಕೆಳಭಾಗದಲ್ಲಿ ಉಳಿಯಿತು. ಕೇವಲ ಪದಗಳ ಬದಲಾವಣೆಯೇ ಸೋಲಿಗೆ ಕಾರಣವೆನ್ನುವುದು ಸರಳೀಕರಣವಾದೀತು. ಚಳಿಯಲ್ಲಿ ನಿಂತ ಲಕ್ಷಾಂತರ ಜನರ ಕೊರಳೇ ಆ ಹಾಡಿನ ನಿಜವಾದ ವಾದ್ಯವಾಗಿತ್ತು. ಪಠ್ಯ ವೇದಿಕೆಗೆ ಬಂದರೂ ಸಂದರ್ಭ ಚೌಕದಲ್ಲೇ ಉಳಿಯಿತು.

ಈ ಎರಡು ನಿದರ್ಶನಗಳ ನಂತರ 2016ರ ಆಯ್ಕೆಯನ್ನು ಪರಿಶೀಲಿಸಬೇಕು. ಆ ವರ್ಷದ ಫೆಬ್ರವರಿಯಲ್ಲಿ ನಡೆದ ವಿದ್ಬಿರ್ ಅಂತಿಮ ಸುತ್ತಿನಲ್ಲಿ ಜಮಾಲಾ ಮತ್ತು ಹಾರ್ಡ್‌ಕಿಸ್ ತಂಡದ ಅಂಕಗಳು ಸಮವಾದವು. ಪ್ರೇಕ್ಷಕರ ಮತವನ್ನು ನಿರ್ಣಾಯಕವೆಂದು ಪರಿಗಣಿಸಿ ಜಮಾಲಾ ಅವರ ‘1944’ ಹಾಡನ್ನು ಆರಿಸಲಾಯಿತು. 1944ರ ಮೇ ತಿಂಗಳಲ್ಲಿ ಸೋವಿಯತ್ ಪ್ರಭುತ್ವ 1,80,000ಕ್ಕೂ ಹೆಚ್ಚು ಕ್ರಿಮಿಯನ್ ತಾತಾರರನ್ನು ಅವರ ನೆಲದಿಂದ ಕಿತ್ತು ಮಧ್ಯ ಏಷ್ಯಾ ಮೊದಲಾದ ದೂರದ ಪ್ರದೇಶಗಳಿಗೆ ಸಾಗಿಸಿತು. ಹಾಗೆ ಸಾಗಿಸಲ್ಪಟ್ಟ ತಮ್ಮ ಮುತ್ತಜ್ಜಿಯ ಅನುಭವವೇ ಜಮಾಲಾ ಅವರ ಹಾಡಿನ ವಸ್ತು. ಕ್ರಿಮಿಯನ್ ತಾತಾರರಲ್ಲಿ ಜನಪದ ಗೀತೆಯಾಗಿ ಪ್ರಚಲಿತವಿರುವ ‘ಏಯ್ ಗುಜೆಲ್ ಕಿರಿಮ್’ ಹಾಡಿನ ಸಾಲುಗಳು ಅದರ ಪಲ್ಲವಿಯಾಗಿವೆ. ತಾಯ್ನೆಲದಿಂದ ಹೊರಗೆ ದಶಕಗಳ ಕಾಲ ಬದುಕಿದ ಸಮುದಾಯವೊಂದು ತನ್ನ ನೆನಪನ್ನು ಕಾಪಿಟ್ಟುಕೊಂಡದ್ದು ಇಂತಹ ಹಾಡುಗಳಲ್ಲಿ. 2014ರಲ್ಲಿ ರಷ್ಯಾ ಕ್ರಿಮಿಯಾವನ್ನು ವಶಪಡಿಸಿಕೊಂಡ ಹಿನ್ನೆಲೆಯಲ್ಲಿ ಈ ಅಲ್ಪಸಂಖ್ಯಾತ ಸ್ಮೃತಿ ರಾಷ್ಟ್ರದ ಸ್ಮೃತಿಯಾಗಿ ಅಂಗೀಕೃತವಾಯಿತು. ಸ್ಟಾಕ್‌ಹೋಮ್‌ನಲ್ಲಿ ಅದು 534 ಅಂಕಗಳೊಡನೆ ಗೆದ್ದಿತು.

‘1944’ ಹಾಡು ‘ಹೊಸದೇ’ ಎಂಬ ವಿವಾದವೂ ಆಗ ಎದ್ದಿತು. 2015ರ ಮೇ ತಿಂಗಳಲ್ಲಿ ಒಂದು ಸಣ್ಣ ಕಾರ್ಯಕ್ರಮದಲ್ಲಿ ಬೇರೊಂದು ಹೆಸರಿನಲ್ಲಿ ಅದನ್ನು ಹಾಡಿದ ದೃಶ್ಯ ಬೆಳಕಿಗೆ ಬಂದಿತು. ನಿಯಮ ಉಲ್ಲಂಘನೆಯಾಗಿಲ್ಲವೆಂದು ಒಕ್ಕೂಟ ತೀರ್ಮಾನಿಸಿತು. ಜಾನಪದ ದೃಷ್ಟಿಗೆ ಈ ವಿವಾದ ಅರ್ಥಪೂರ್ಣ. ಮುತ್ತಜ್ಜಿಯಿಂದ ಮರಿಮೊಮ್ಮಗಳಿಗೆ ಬಂದ ಸಂಕಟಕ್ಕೆ ಬಿಡುಗಡೆಯ ದಿನಾಂಕವನ್ನು ಹುಡುಕಬೇಕಾಗಿ ಬಂದದ್ದು ಸ್ಪರ್ಧೆಯ ತರ್ಕದ ಮಿತಿಯನ್ನೇ ತೋರಿಸುತ್ತದೆ.

ನಂತರದ ವರ್ಷಗಳಲ್ಲಿ ಆಯ್ಕೆಯ ಭಾರ ಹಾಡಿನಿಂದ ಹಾಡುಗಾರರ ಕಡೆಗೆ ಸರಿಯಿತು. 2019ರ ಫೆಬ್ರವರಿಯಲ್ಲಿ ಮಾರುವ್ ಎಂಬ ಗಾಯಕಿ ವಿದ್ಬಿರ್ ಗೆದ್ದರು. ಆದರೆ ಅವರು ರಷ್ಯಾದಲ್ಲಿ ಕಾರ್ಯಕ್ರಮ ನೀಡುತ್ತಿದ್ದುದು ವಿವಾದವಾಯಿತು. ಪ್ರಸಾರ ಸಂಸ್ಥೆಯ ಕರಾರಿನ ಷರತ್ತುಗಳನ್ನು ಅವರು ಒಪ್ಪಲಿಲ್ಲ. ನಂತರದ ಸ್ಥಾನಗಳಲ್ಲಿದ್ದ ತಂಡಗಳೂ ಅವಕಾಶವನ್ನು ನಿರಾಕರಿಸಿದ್ದರಿಂದ ಉಕ್ರೇನ್ ಆ ವರ್ಷ ಸ್ಪರ್ಧೆಯಿಂದಲೇ ಹಿಂದೆ ಸರಿಯಿತು. 2022ರ ಫೆಬ್ರವರಿ 12ರಂದು ಟ್ರಾನ್ಸ್‌ಕಾರ್ಪೇಥಿಯಾ ಪ್ರದೇಶದ ಅಲೀನಾ ಪಾಶ್ ಗೆದ್ದಾಗಲೂ ಪ್ರಶ್ನೆ ಎದ್ದದ್ದು ಅವರ 2015ರ ಕ್ರಿಮಿಯಾ ಪ್ರವಾಸ ಯಾವ ಗಡಿಯ ಮೂಲಕ ನಡೆಯಿತೆಂಬ ಬಗ್ಗೆ. ನಾಲ್ಕು ದಿನಗಳಲ್ಲಿ ಅವರು ಹಿಂದೆ ಸರಿದರು. ಅವರ ಹಾಡಿನ ಶೀರ್ಷಿಕೆ ಹುತ್ಸುಲರ ಬದುಕನ್ನು ಚಿತ್ರಿಸುವ ಮಿಖಾಯ್ಲೊ ಕೋತ್ಸ್ಯುಬಿನ್‌ಸ್ಕಿ ಅವರ ಕಿರುಕಾದಂಬರಿಯ ಹೆಸರೇ ಆಗಿತ್ತು. ಆದರೂ ಚರ್ಚೆಯಲ್ಲಿ ಹಾಡು ಮರೆಯಾಗಿ ಪ್ರಯಾಣದ ದಾಖಲೆ ಮುಂದೆ ಬಂದಿತು. ಜನಪದ ಪರಂಪರೆಯ ಜರಡಿ ಹಾಡನ್ನು ಸೋಸುತ್ತದೆ. ಪ್ರಭುತ್ವದ ಜರಡಿ ಹಾಡುವ ವ್ಯಕ್ತಿಯನ್ನು ಸೋಸುತ್ತದೆ. ನೆಲವನ್ನು ಕಳೆದುಕೊಂಡ ದೇಶವೊಂದರ ಆತಂಕವನ್ನು ಅರ್ಥಮಾಡಿಕೊಂಡೇ ಈ ವ್ಯತ್ಯಾಸವನ್ನು ಗುರುತಿಸಬೇಕು. ಯುದ್ಧದ ನೆರಳಿನಲ್ಲಿ ನಿಷ್ಠೆಯ ಪ್ರಶ್ನೆ ಸಹಜ. ಆದರೆ ನಿಷ್ಠೆಯ ಪರೀಕ್ಷೆ ಸಂಗೀತದ ಪರೀಕ್ಷೆಯ ಜಾಗವನ್ನು ಪೂರ್ತಿಯಾಗಿ ಆಕ್ರಮಿಸಿದಾಗ ಆಯ್ಕೆ ಎಂಬ ಪದದ ಅರ್ಥವೇ ಕಿರಿದಾಗುತ್ತದೆ.

ಈ ಎರಡು ಬಿಕ್ಕಟ್ಟುಗಳ ನಡುವೆ ಬಂದ ಗೋ-ಎ ತಂಡದ ಅನುಭವ ಬೇರೆಯೇ ಬಗೆಯದು. ಮುಂದೆ ನಡೆಯುವುದು ಎಂಬರ್ಥದ ಇಂಗ್ಲಿಷ್ ಪದಕ್ಕೆ ಗ್ರೀಕ್ ವರ್ಣಮಾಲೆಯ ಮೊದಲ ಅಕ್ಷರವನ್ನು ಸೇರಿಸಿ, ಮೂಲಕ್ಕೆ ಮರಳುವುದು ಎಂಬ ಆಶಯವನ್ನು ಈ ತಂಡ ತನ್ನ ಹೆಸರಿನಲ್ಲೇ ಇಟ್ಟುಕೊಂಡಿದೆ. 2020ರ ವಿದ್ಬಿರ್‌ನಲ್ಲಿ ‘ಸೊಲೊವೆಯ್’ ಹಾಡಿನೊಂದಿಗೆ ಗೆದ್ದರೂ ಕೋವಿಡ್ ಕಾರಣದಿಂದ ಆ ವರ್ಷದ ಸ್ಪರ್ಧೆ ರದ್ದಾಯಿತು. ಮರುವರ್ಷವೂ ತಂಡವನ್ನು ಉಳಿಸಿಕೊಳ್ಳಲಾಯಿತು. ಹಾಡು ಮಾತ್ರ ಹೊಸದು ಬೇಕಾಯಿತು. ಆಗ ಬಂದದ್ದು ‘ಶೂಮ್’. ಇದರ ಮೂಲ ‘ವೆಸ್ನ್ಯಾಂಕಾ’ ಎಂಬ ವಸಂತಗೀತೆಗಳ ಪರಂಪರೆಯಲ್ಲಿದೆ. ಚಳಿಗಾಲ ಕಳೆದು ವಸಂತವನ್ನು ಕರೆಯುವಾಗ ಹಳ್ಳಿಯ ಹುಡುಗಿಯರು ಗುಂಪಾಗಿ ಆಡುತ್ತ ಹಾಡುವ ಹಾಡುಗಳಿವು. ಕನ್ನಡದ ಬೀಸುವ ಪದ ಬೀಸುವ ಕಾಯಕದೊಂದಿಗೆ ಬೆಸೆದುಕೊಂಡಿರುವಂತೆ ಇವು ಋತುವಿನೊಂದಿಗೆ, ಆಟದೊಂದಿಗೆ ಬೆಸೆದುಕೊಂಡಿವೆ. ಕತೆರೀನಾ ಪಾವ್ಲೆಂಕೊ ಇದನ್ನು ಹಳ್ಳಿಯ ಬಯಲು ದನಿಯಲ್ಲಿ, ತೆರೆದ ಗಂಟಲಿನಿಂದ ಹಾಡಿದರು. ಸೊಪಿಲ್ಕಾ ಎಂಬ ಕೊಳಲು ಯಂತ್ರಲಯದೊಂದಿಗೆ ಸೇರಿತು. 2021ರ ಆರಂಭದಲ್ಲಿ ಬಂದ ರೂಪಕ್ಕೂ ಸ್ಪರ್ಧೆಗೆ ಹೋದ ರೂಪಕ್ಕೂ ಸಾಹಿತ್ಯದಲ್ಲಿ ವ್ಯತ್ಯಾಸವಿದೆ. ರಾಟರ್‌ಡ್ಯಾಮ್‌ನಲ್ಲಿ ಅದು ಐದನೆಯ ಸ್ಥಾನ ಪಡೆಯಿತು. ಪ್ರೇಕ್ಷಕರ ಮತದಲ್ಲಿ ಎರಡನೆಯದಾಗಿತ್ತು.

ರಿಚರ್ಡ್ ಡಾರ್ಸನ್ 1950ರಲ್ಲಿ ‘ಫೇಕ್‌ಲೋರ್’ ಎಂಬ ಪದವನ್ನು ಬಳಕೆಗೆ ತಂದಾಗಿನಿಂದ ಇಂತಹ ಪ್ರಯೋಗಗಳನ್ನು ಹುಸಿ ಜಾನಪದವೆಂದು ತಳ್ಳಿಹಾಕುವ ಪ್ರವೃತ್ತಿ ಬೆಳೆದಿದೆ. ‘ಶೂಮ್’ ಕುರಿತು ಆ ತೀರ್ಪು ಪೂರ್ತಿ ಸರಿಯೆನಿಸುವುದಿಲ್ಲ. ಒಂದೇ ಹಾಡು ಸಂದರ್ಭಕ್ಕೆ ತಕ್ಕಂತೆ ಎರಡು ರೂಪ ತಾಳುವುದು ಮೌಖಿಕ ಪರಂಪರೆಯ ಸಹಜ ಲಕ್ಷಣ. ಪಾಠಾಂತರಗಳಿಲ್ಲದ ಜನಪದ ಗೀತೆಯೇ ಇಲ್ಲ. ಇಲ್ಲಿ ಆಕ್ಷೇಪ ಇರಬೇಕಾದದ್ದು ಬೇರೆ ಕಡೆ. ಸ್ಪರ್ಧೆಯ ದಾಖಲೆಯಲ್ಲಿ ಪ್ರತಿ ಹಾಡಿಗೂ ಕರ್ತೃವಿನ ಹೆಸರು ಬೇಕು. ತಂಡದವರ ಹೆಸರು ಅಲ್ಲಿ ನ್ಯಾಯವಾಗಿಯೇ ಇದೆ. ಆದರೆ ಆ ವಸಂತದ ಕರೆಯನ್ನು ತಲೆಮಾರುಗಳ ಕಾಲ ಬಾಯಿಂದ ಬಾಯಿಗೆ ದಾಟಿಸಿದ ಹಳ್ಳಿಯ ಹೆಣ್ಣುಮಕ್ಕಳಿಗೆ ಆ ದಾಖಲೆಯಲ್ಲಿ ಯಾವ ಅಂಕಣವೂ ಇಲ್ಲ. ‘ಹೊಸ ಹಾಡು’ ಎಂಬ ನಿಯಮದ ನಿಜವಾದ ಪರಿಣಾಮ ಇದೇ: ಅದು ಹಳೆಯ ಹಾಡನ್ನು ಹೊರಗಿಡುವುದಿಲ್ಲ, ಹಾಡಿನ ಹಳೆಯ ವಾರಸುದಾರರನ್ನು ಹೊರಗಿಡುತ್ತದೆ.

ಅಲೀನಾ ಪಾಶ್ ಹಿಂದೆ ಸರಿದ ಮೇಲೆ ಎರಡನೆಯ ಸ್ಥಾನದಲ್ಲಿದ್ದ ಕಲುಶ್ ಆರ್ಕೆಸ್ಟ್ರಾ 2022ರ ಫೆಬ್ರವರಿ 22ರಂದು ಉಕ್ರೇನಿನ ಪ್ರತಿನಿಧಿಯೆಂದು ಘೋಷಿತವಾಯಿತು. ಎರಡು ದಿನಗಳ ನಂತರ ರಷ್ಯಾದ ಸೇನೆ ಪೂರ್ಣ ಪ್ರಮಾಣದ ದಾಳಿ ಆರಂಭಿಸಿತು. ಅವರ ‘ಸ್ತೆಫಾನಿಯಾ’ ಹಾಡನ್ನು ಓಲೆಹ್ ಪ್ಸ್ಯುಕ್ ಯುದ್ಧಕ್ಕೆ ಮೊದಲೇ ತಮ್ಮ ತಾಯಿಗಾಗಿ ಬರೆದಿದ್ದರು. ಜೋಗುಳದ ಛಾಯೆಯ ಪಲ್ಲವಿ, ರ‍್ಯಾಪ್, ಕೊಳಲು ಅದರಲ್ಲಿ ಬೆರೆತಿವೆ. ಯುದ್ಧ ಆರಂಭವಾದ ಮೇಲೆ ಹಾಡಿನ ಒಂದು ಪದವೂ ಬದಲಾಗಲಿಲ್ಲ. ಅರ್ಥ ಮಾತ್ರ ಬದಲಾಯಿತು. ಕೇಳುಗರು ಅದನ್ನು ಮನೆ ಬಿಟ್ಟು ಹೋದ ತಾಯಂದಿರ ಹಾಡಾಗಿ, ತಾಯ್ನಾಡಿನ ಹಾಡಾಗಿ ಸ್ವೀಕರಿಸಿದರು. ಟ್ಯೂರಿನ್‌ನಲ್ಲಿ ಮೇ 14ರಂದು ಅದು ಗೆದ್ದಾಗ ದೊರೆತ 631 ಅಂಕಗಳಲ್ಲಿ 439 ಪ್ರೇಕ್ಷಕರ ಮತದಿಂದ ಬಂದಿದ್ದವು. ಈ ಗೆಲುವನ್ನು ಅನುಕಂಪದ ಫಲವೆಂದು ವಿವರಿಸಿ ಮುಗಿಸುವವರಿದ್ದಾರೆ. ಅನುಕಂಪದ ಪಾತ್ರವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಆ ವಿವರಣೆ ಉಕ್ರೇನಿನ ಒಳಗೆ ನಡೆದ ಪ್ರಕ್ರಿಯೆಯನ್ನು ಕಾಣುವುದಿಲ್ಲ. ವಿದ್ಬಿರ್ ರಾತ್ರಿ ಒಟ್ಟು ಲೆಕ್ಕದಲ್ಲಿ ಎರಡನೆಯದಾಗಿದ್ದ ಹಾಡನ್ನು ನಂತರದ ವಾರಗಳಲ್ಲಿ ಜನರೇ ಮತ್ತೊಮ್ಮೆ ಆರಿಸಿದರು. ಯಾವ ಕರಾರೂ ಅಂಕಪಟ್ಟಿಯೂ ಇಲ್ಲದ ಈ ಎರಡನೆಯ ಆಯ್ಕೆಯೇ 1929ರ ಆ ಲೇಖನ ಹೇಳುವ ಆಯ್ಕೆ. ಒಬ್ಬ ಮಗ ತನ್ನ ತಾಯಿಗೆ ಕಟ್ಟಿದ ರಚನೆಯನ್ನು ಸಮುದಾಯ ತನ್ನ ಬಳಕೆಗೆ ತೆಗೆದುಕೊಂಡಿತು.

ಆ ವರ್ಷದ ಡಿಸೆಂಬರ್ 17ರಂದು ಮುಂದಿನ ಸ್ಪರ್ಧೆಯ ವಿದ್ಬಿರ್ ಕೀವ್ ನಗರದ ಮೈದಾನ್ ನೆಜಾಲೆಜ್ನೋಸ್ತಿ ಮೆಟ್ರೊ ನಿಲ್ದಾಣದಲ್ಲಿ, ಕ್ಷಿಪಣಿಗಳಿಂದ ರಕ್ಷಣೆ ಪಡೆಯಲು ನೆಲದಡಿಯಲ್ಲಿ ನಡೆಯಿತು. 2004ರಲ್ಲಿ ಜನ ನೆರೆದು ಹಾಡಿದ್ದ ಚೌಕ ಇರುವುದು ಅದೇ ನಿಲ್ದಾಣದ ಮೇಲೆ. ಕೇವಲ ಟೆಲಿವಿಷನ್ ಕಾರ್ಯಕ್ರಮವಾಗಿದ್ದರೆ ಯುದ್ಧದ ನಡುವೆ ಅದನ್ನು ನಿಲ್ಲಿಸಬಹುದಿತ್ತು. ನಿಲ್ಲಿಸದೆ ಹೋದದ್ದರಿಂದ ಆಯ್ಕೆಯ ವಿಧಾನವೇ ಆ ಸಮಾಜಕ್ಕೆ ಒಂದು ವಾರ್ಷಿಕ ಆಚರಣೆಯ ಸ್ವರೂಪ ಪಡೆದಿದೆಯೆಂದು ಭಾವಿಸಲು ಅವಕಾಶವಿದೆ.

ಆದ್ದರಿಂದ ಇಂತಹ ಸ್ಪರ್ಧೆಗಳನ್ನು ಜಾಗತೀಕರಣದ ಅಬ್ಬರವೆಂದು ಬದಿಗೆ ಸರಿಸುವುದಾಗಲಿ, ಜನಪದದ ವಿಜಯವೆಂದು ಸಂಭ್ರಮಿಸುವುದಾಗಲಿ ಜಾನಪದ ಅಧ್ಯಯನಕ್ಕೆ ಉಪಯುಕ್ತವಲ್ಲ. ವೇದಿಕೆಯ ಮೇಲೆ ಯಾವ ಹಾಡು ಗೆದ್ದಿತೆಂಬುದನ್ನು ಸ್ಪರ್ಧೆಯ ದಾಖಲೆ ಹೇಳುತ್ತದೆ. ಗೆದ್ದ ಹಾಡಿನ ಹಿಂದೆ ಯಾವ ಸಮುದಾಯಗಳ ಹೆಸರು ಬಿಟ್ಟುಹೋಯಿತು, ಸೋತ ಹಾಡುಗಳಲ್ಲಿ ಯಾವುದನ್ನು ಜನ ಇನ್ನೂ ಹಾಡುತ್ತಿದ್ದಾರೆ ಎಂಬುದನ್ನು ಅದು ಹೇಳುವುದಿಲ್ಲ. ಕ್ಷೇತ್ರಕಾರ್ಯದ ಕೆಲಸ ಆರಂಭವಾಗಬೇಕಾದದ್ದು ಆ ದಾಖಲೆ ಮುಗಿಯುವಲ್ಲಿ.