ಗುಬ್ಬಿ ವೀರಣ್ಣನವರ ಹಾಸ್ಯಾಭಿನಯ

ಕನ್ನಡ ವೃತ್ತಿರಂಗಭೂಮಿಯ ಹಾಸ್ಯವನ್ನು ಕುರಿತು ವಿದ್ವಾಂಸರಲ್ಲಿ ಬಹುಕಾಲದಿಂದ ಒಂದು ಆಕ್ಷೇಪಣೆಯು ರೂಢವಾಗಿದೆ. ಆ ಹಾಸ್ಯವು ಕಥಾಶರೀರದ ಅಂಗವಲ್ಲ, ಪ್ರೇಕ್ಷಕರ ರಂಜನೆಗಾಗಿ ನಡುನಡುವೆ ಹಚ್ಚಿದ ತೇಪೆ ಎಂಬುದೇ ಅದು. ಅನೇಕ ಕಂಪನಿಗಳ ನಾಟಕಗಳಿಗೆ ಈ ಮಾತು ಒಪ್ಪುತ್ತದೆ. ಆದರೆ ‘ವರ್ಸಟೈಲ್ ಕಮೆಡಿಯನ್’ ಎಂಬ ಬಿರುದಿನಿಂದ ಪ್ರಸಿದ್ಧರಾದ ಗುಬ್ಬಿ ವೀರಣ್ಣನವರ (1891–1972) ಅಭಿನಯಕ್ಕೂ ಇದು ಸಲ್ಲುವುದೇ ಎಂಬುದು ವಿಚಾರಾರ್ಹವಾಗಿದೆ.

ವಿನೋದಕಲೆಯು ಎಲ್ಲ ದೇಶಗಳಲ್ಲಿಯೂ ಒಂದೇ ಬಗೆಯದಲ್ಲ. ಇಂಗ್ಲೆಂಡಿನ ‘ವೆರೈಟಿ’ ರಂಗದಲ್ಲಿ ಒಬ್ಬೊಬ್ಬ ಕಲಾವಿದನಿಗೂ ಕೆಲವು ನಿಮಿಷಗಳ ಪ್ರತ್ಯೇಕ ಸರದಿಯಿರುತ್ತಿತ್ತು. ನ್ಯೂಯಾರ್ಕಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಹೆಸರು ಪಡೆದ ಟೆಡ್ಡಿ ಬ್ರೌನ್ (1900–1946) ಇದಕ್ಕೆ ಒಳ್ಳೆಯ ನಿದರ್ಶನ. ಆತನು ನುಡಿಸುತ್ತಿದ್ದುದು ಕ್ಸೈಲೊಫೋನ್. ಮರದ ಪಟ್ಟಿಗಳನ್ನು ಕೋಲುಗಳಿಂದ ಬಡಿದು ಸ್ವರ ಹೊರಡಿಸುವ ಈ ವಾದ್ಯವು ನಮ್ಮ ಕಾಷ್ಠತರಂಗದ ಜಾತಿಗೆ ಸೇರಿದುದು. ಆತನ ದೇಹವು ಅತಿ ಸ್ಥೂಲ, ಕೈಗಳು ಅತಿ ಚುರುಕು. ಈ ವೈದೃಶ್ಯದಿಂದಲೇ ನಗೆ ಹುಟ್ಟುತ್ತಿತ್ತು. 1930ರ ‘ಎಲ್‌ಸ್ಟ್ರೀ ಕಾಲಿಂಗ್’ ಚಿತ್ರದಲ್ಲಿ ಆತನನ್ನು ಕಾಣಬಹುದು. ಮುಂದಿನ ಸರದಿಯವನು ಬಂದೊಡನೆ ಹಿಂದಿನವನ ಹೊಣೆ ತೀರಿತು. ಕಥೆಗೆ ಉತ್ತರ ಹೇಳಬೇಕಾದ ಭಾರ ಅಲ್ಲಿಲ್ಲ. ನಮ್ಮ ಕಂಪನಿ ನಾಟಕದ ಹಾಸ್ಯನಟನಿಗೆ ಈ ಸ್ವಾತಂತ್ರ್ಯವಿರಲಿಲ್ಲ. ಹಾಡು, ಕುಣಿತ, ಸಮಯಸ್ಫೂರ್ತಿಯ ಮಾತು, ಇವೆಲ್ಲವನ್ನೂ ಆತನು ಕಥೆಯೊಳಗಿದ್ದುಕೊಂಡೇ ತೋರಬೇಕಾಗಿತ್ತು.

1884ರಲ್ಲಿ ಸ್ಥಾಪಿತವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ವೀರಣ್ಣನವರು ಎಳೆಯ ವಯಸ್ಸಿನಲ್ಲಿಯೇ ಸೇರಿ, 1917ರಲ್ಲಿ ಅದರ ಒಡೆಯರಾದರು. ಒಡೆಯನೇ ನಟನಾದಲ್ಲಿ ನಾಯಕನ ಪಾತ್ರವನ್ನು ತನಗೆ ಇಟ್ಟುಕೊಳ್ಳುವುದು ಸಹಜ. ಇವರಿಗಾದರೋ ಅಚ್ಚಳಿಯದ ಕೀರ್ತಿ ಬಂದುದು ‘ಸದಾರಮೆ’ಯ ಕಳ್ಳನ ಪಾತ್ರದಿಂದ.

ಈ ಕಳ್ಳನೇ ಮೇಲಿನ ಆಕ್ಷೇಪಣೆಗೆ ಸಮಾಧಾನ. ಆತನು ಕಥೆಯ ಹೊರಗೆ ನಿಂತು ನಗಿಸುವ ವಿದೂಷಕನಲ್ಲ. ಸದಾರಮೆಯನ್ನು ಅಪಹರಿಸಿದವನು, ಅವಳಿಗೆ ಒದಗಿದ ಆಪತ್ತೇ ತಾನಾದವನು. ಪ್ರೇಕ್ಷಕರು ಯಾರನ್ನು ಕಂಡು ನಗುತ್ತಾರೆಯೋ ಅವನಿಂದಲೇ ನಾಯಿಕೆಗೆ ಭಯ. ಆಕೆ ಜಾಣತನದಿಂದ ಪಾರಾಗುವಾಗ, ಕಳ್ಳನ ಯಾವ ಪೆದ್ದುತನಕ್ಕೆ ಸಭೆ ನಗುತ್ತಿತ್ತೋ ಆ ಪೆದ್ದುತನವೇ ಆಕೆಗೆ ಬಿಡುಗಡೆಯ ದಾರಿಯಾಗುತ್ತದೆ. ಇಲ್ಲಿ ಹಾಸ್ಯವನ್ನು ತೆಗೆದುಹಾಕಿದರೆ ಕಥೆಯೇ ಮುಂದೆ ಸಾಗದು. ತೇಪೆಯನ್ನು ಬಿಚ್ಚಿದರೆ ಬಟ್ಟೆ ಉಳಿಯುತ್ತದೆ. ಹಾಸಿನ ಎಳೆಯನ್ನೇ ಕಿತ್ತರೆ ಬಟ್ಟೆಯಿಲ್ಲ.

ಆದರೂ ದೋಷವೇ ಇಲ್ಲವೆಂದು ಹೇಳಲಾಗದು. ‘ಕುರುಕ್ಷೇತ್ರ’ ನಾಟಕದಲ್ಲಿ ಇವರ ಕಂಪನಿಯು ಜೀವಂತ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು. ಅದು ಅದ್ಭುತವೆಂಬುದು ದಿಟ. ಆದರೆ ಆನೆಯನ್ನು ನೋಡುವ ಕಣ್ಣು ನಟನ ಮುಖವನ್ನು ನೋಡುವುದೆಂತು? ನಾಟಕವು ಅಲ್ಲಿ ವೆರೈಟಿ ರಂಗದ ಸರದಿಗಳ ಸ್ವಭಾವಕ್ಕೆ ಹತ್ತಿರವಾಗುತ್ತದೆ. 1909ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಮೊದಲಾದ ವಿಲಾಸಿ ಸಂಘಗಳಿಂದ ಬೆಳೆದ ಅಭಿರುಚಿಯು ಇಂತಹ ಆಡಂಬರವನ್ನು ಮೆಚ್ಚದಿದ್ದರೆ ಅದರಲ್ಲಿ ಅನ್ಯಾಯವಿಲ್ಲ. ಅನ್ಯಾಯವಿರುವುದು, ಆನೆಯ ಮೇಲೆ ಹೊರಿಸಬೇಕಾದ ತಪ್ಪನ್ನು ಕಳ್ಳನ ಮೇಲೆಯೂ ಹೊರಿಸುವುದರಲ್ಲಿ.

1935ರಲ್ಲಿ ‘ಸದಾರಮೆ’ಯು ಚಲಚ್ಚಿತ್ರವಾಯಿತು. ಬಹುಕಾಲದ ತರುವಾಯ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರು ಅದೇ ಕಳ್ಳನ ಪಾತ್ರವನ್ನು ರಂಗದ ಮೇಲೆ ಅಭಿನಯಿಸಿ ಜನಮನ್ನಣೆ ಪಡೆದರು. ಒಬ್ಬ ನಟನ ಮೈಮಾತಿನ ಚಮತ್ಕಾರವು ಅವನೊಂದಿಗೇ ಅಳಿಯುತ್ತದೆ. ಕಥೆಯಲ್ಲಿ ಬೇರೂರಿದ ಪಾತ್ರವಾದರೋ ಮತ್ತೊಬ್ಬರ ಮೈಯಲ್ಲಿ ಮರಳಿ ಹುಟ್ಟುತ್ತದೆ. ಕಂಪನಿ ನಾಟಕಗಳ ಹಾಸ್ಯವನ್ನು ಒಟ್ಟಾಗಿ ತಳ್ಳಿಹಾಕುವ ಮೊದಲು ವಿಮರ್ಶಕರು ಒಂದೊಂದು ನಾಟಕವನ್ನೂ ಈ ಒರೆಗಲ್ಲಿಗೆ ತಿಕ್ಕಿ ನೋಡುವುದು ಯುಕ್ತವಾಗಿದೆ.