ಕೌದಿಯ ಬೆನ್ನು

ಕೌದಿಗೆ ಈಗ ಶುಕ್ರದೆಸೆ. ಬೆಂಗಳೂರಿನ ಅಂಗಡಿಗಳಲ್ಲಿ ಅದು ಸೋಫಾದ ಹೊದಿಕೆ, ಗೋಡೆಯ ಚಿತ್ರ, ಜಾಕೀಟಿನ ಬೆನ್ನು. ಪುರವಣಿಗಳಲ್ಲಿ ಲೇಖನ ಬರುತ್ತವೆ, ಪ್ರದರ್ಶನಗಳಿಗೆ ದೀಪ ಬೆಳಗುತ್ತಾರೆ. ಮಾತಾಡುವವರು ಮಾತ್ರ ‘ಮರುಬಳಕೆ’ ಮತ್ತು ‘ಅಜ್ಜಿಯ ಅಕ್ಕರೆ’ ದಾಟಿ ಮುಂದೆ ಹೋಗುವುದಿಲ್ಲ. ಅಕ್ಕರೆ ಆ ಮನೆಯವರಿಗೆ ಬಿಟ್ಟ ವಿಷಯ. ಮರುಬಳಕೆ ಎನ್ನುವುದಾದರೆ ಹಳೆ ಸೀರೆ ಹರಿದು ನೆಲ ಒರೆಸಿದರೂ ಅದು ಮರುಬಳಕೆಯೇ. ಈ ಕೌದಿ ಚೆನ್ನಾಗಿದೆಯೋ ಇಲ್ಲವೋ, ಚೆನ್ನಾಗಿದ್ದರೆ ಎಲ್ಲಿ ಚೆನ್ನಾಗಿದೆ ಎಂದು ಕೇಳುವ ಗೋಜಿಗೇ ಯಾರೂ ಹೋಗಿಲ್ಲ. ಇಂಥ ಹೊಗಳಿಕೆಗಿಂತ ಹಿಂದಿನ ಮೌನವೇ ವಾಸಿಯಿತ್ತು.

ಹಾವೇರಿ ಜಿಲ್ಲೆಯ ಮಟ್ಟಿಗೆ ಇದು ಇನ್ನೂ ವಿಚಿತ್ರ. ಗಳಗನಾಥ ಎಂದರೆ ನಮ್ಮ ಓದುಗರಿಗೆ ನೆನಪಾಗುವುದು ವರದಾ–ತುಂಗಭದ್ರೆ ಕೂಡುವಲ್ಲಿನ ಗಳಗೇಶ್ವರ ಗುಡಿ. ಇಲ್ಲವೇ ಊರ ಹೆಸರನ್ನೇ ಕಾವ್ಯನಾಮ ಮಾಡಿಕೊಂಡು ಪುಸ್ತಕದ ಗಂಟು ಹೊತ್ತು ತಿರುಗಿದ ವೆಂಕಟೇಶ ತಿರಕೊ ಕುಲಕರ್ಣಿ. ಗುಡಿಯ ಬಗೆಗೂ ಲೇಖಕನ ಬಗೆಗೂ ಬೇಕಾದಷ್ಟು ಬರೆದಾಗಿದೆ. ಜಿಲ್ಲೆಯ ಕೈಕೆಲಸ ಎಂದರೆ ಏಲಕ್ಕಿ ಹಾರ. 2023ರ ಜನವರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ಹಾವೇರಿಯಲ್ಲಿ ನಡೆದಾಗಲೂ ಏಲಕ್ಕಿಯ ಕಂಪಿನದೇ ಪಲ್ಲವಿ. ಹಾರ ಕಟ್ಟುವ ಬೆರಳ ಚಳಕ ಸಣ್ಣದಲ್ಲ, ಒಪ್ಪುತ್ತೇನೆ. ಆದರೂ ಅದು ಮಂತ್ರಿಯ ಕೊರಳಲ್ಲಿ ಹತ್ತು ನಿಮಿಷ ಇದ್ದು ಗಾಜಿನ ಪೆಟ್ಟಿಗೆ ಸೇರುವ ವಸ್ತು. ರಾಣೆಬೆನ್ನೂರು ಕಡೆಯ ಮೆಡ್ಲೇರಿಯ ಕಂಬಳಿಗೂ ಒಂದಿಷ್ಟು ಬರಹ ಸಿಕ್ಕಿದೆ, ಯಾಕೆಂದರೆ ಅದಕ್ಕೆ ಕುಣಿಮಗ್ಗವಿದೆ, ಹುಣಸೆ ಬೀಜದ ಸರಿ ಇದೆ, ಕುರುಬರ ಕಸುಬಿನ ಚರಿತ್ರೆ ಇದೆ, ಸಂತೆಯ ದರ ಇದೆ. ಸುಗ್ಗಿ ಮುಗಿದು, ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಯೂ ಮುಗಿದ ಮೇಲೆ, ಬೇಸಿಗೆಯ ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ಹೆಂಗಸರು ಹೊಲಿಯುವ ಕೌದಿಯನ್ನು ಕಸುಬು ಎಂದು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ಗಳಗನಾಥದ ಒಂದು ಮನೆಯಲ್ಲಿ ಕಂಡ ಕೌದಿಯನ್ನು ಇಲ್ಲಿ ಬಿಡಿಸಿ ನೋಡುತ್ತೇನೆ. ಆರಡಿ ಉದ್ದ, ನಾಲ್ಕಡಿಗಿಂತ ಚೂರು ಹೆಚ್ಚು ಅಗಲ. ಮೇಲುಮೈ ಬಣ್ಣ ಕಳೆದ ಚಂದ್ರಕಾಳಿ ಸೀರೆ. ಅಂಚಿಗೆ ಯಾವುದೋ ಇಳಕಲ್ ಸೀರೆಯ ದಡಿ. ನಟ್ಟನಡುವೆ ಗೇಣಗಲದ ಗುಳೇದಗುಡ್ಡ ಖಣದ ತುಂಡು. ಕೆಳಮೈ ಪೂರ್ತಿ ಬಿಳಿ ಧೋತರ. ಹೊಲಿದದ್ದು ಕರಿ ನೂಲಿನಲ್ಲಿ. ನೋಡಿದವರೆಲ್ಲ ಹೊಗಳುವುದು ಆ ಖಣದ ತುಂಡನ್ನು: ಕಪ್ಪಿನ ನಡುವೆ ಕುಂಕುಮದ ಹಾಗೆ ಕೂತಿದೆ, ಎಂಥ ಬಣ್ಣದ ಪ್ರಜ್ಞೆ ಎನ್ನುತ್ತಾರೆ. ಅವರೆಲ್ಲ ನೋಡಿದ್ದು ಮೇಲುಮೈ. ಕಪ್ಪು ಸೀರೆಯ ಮೇಲೆ ಕರಿ ನೂಲು ಕಾಣುವುದಿಲ್ಲ. ಕೌದಿ ಮಗುಚಿದರೆ ಧೋತರದ ಬಿಳಿಯ ಮೇಲೆ ಪ್ರತಿ ಹೊಲಿಗೆಯೂ ಎದ್ದು ಬರುತ್ತದೆ.

ಉದ್ದಕ್ಕೆ ಸಾಲು ಎಳೆದಂತೆ ಹೊಲಿದ ಕೌದಿಗಳೂ ಇವೆ. ಇದು ಸುತ್ತು ಬಂದದ್ದು. ಅಂಚಿನಿಂದ ಶುರುವಾಗಿ, ನಾಲ್ಕೂ ಬದಿ ಬಳಸಿ, ಸುತ್ತಿನ ಒಳಗೆ ಸುತ್ತಾಗಿ ನಡುವಿಗೆ ಬರುತ್ತದೆ. ಮೂಲೆಯಲ್ಲಿ ನೂಲು ಕಡಿದಿಲ್ಲ, ಒಂದೇ ಒಂದು ಹೊಲಿಗೆ ಓರೆ ಬಿದ್ದು ದಿಕ್ಕು ತಿರುಗಿದೆ. ಈ ಕ್ರಮಕ್ಕೆ ಒಂದು ತೊಡಕಿದೆ. ಹೊರಗಿನಿಂದ ಬಿಗಿಯುತ್ತ ಬಂದಂತೆ ಪದರುಗಳ ಸಡಿಲವೆಲ್ಲ ಒಳಕ್ಕೆ ಸರಿಯುತ್ತದೆ. ಹಳೆ ಬಟ್ಟೆಯಂತೂ ಓರೆಗೆ ಎಳೆದರೆ ಬೇಕಾದ ಹಾಗೆ ಹಿಗ್ಗುತ್ತದೆ. ಪ್ರತಿ ಸುತ್ತಿಗೂ ಅಂಗೈಯಿಂದ ಸವರಿ ಸವರಿ ಸಡಿಲವನ್ನು ಹಂಚುತ್ತ ಬರದಿದ್ದರೆ ನಡುವೆ ಬಟ್ಟೆ ಉಬ್ಬಿ ನಿಲ್ಲುತ್ತದೆ. ಮಲಗಿದವರ ಬೆನ್ನಿಗೆ ಅದು ಒತ್ತುತ್ತದೆ. ಎಷ್ಟೇ ಸವರಿದರೂ ನಾಲ್ಕೈದು ಪದರಿನ ಕೌದಿಯಲ್ಲಿ ಒಂದು ಬೆರಳಗಲದ ಉಳಿಕೆ ತಪ್ಪಿದ್ದಲ್ಲ.

ಈ ಕೌದಿಯವಳು ಆ ಉಳಿಕೆಯನ್ನು ಏನು ಮಾಡಿದಳು? ಮೇಲಿನ ಬಟ್ಟೆಯನ್ನು ಉದ್ದಕ್ಕೆ ಒಂದು ಸಣ್ಣ ನಿರಿಗೆ ಹಿಡಿದಳು, ಅದನ್ನು ಚಪ್ಪಟೆ ಒತ್ತಿದಳು, ಅದರ ಮೇಲೆ ಖಣದ ತುಂಡು ಹಾಕಿ ನಾಲ್ಕೂ ಅಂಚು ಮಡಿಸಿ ಹೊಲಿದಳು. ಬೆರಳಾಡಿಸಿದರೆ ಖಣದ ಕೆಳಗೆ ಆ ನಿರಿಗೆ ಸಿಗುತ್ತದೆ. ಅಂದರೆ ಬಣ್ಣದ ಪ್ರಜ್ಞೆ ಎಂದು ನಾವು ಕೊಂಡಾಡುವ ತುಂಡು, ಹೊಲಿಗೆಯ ಒಂದು ಸಂಕಟಕ್ಕೆ ಕೊಟ್ಟ ಉತ್ತರ. ಖಣವನ್ನು ಚೆಂದಕ್ಕೆಂದೇ ಮೊದಲೇ ಹಾಕಿರಬಾರದೇಕೆ ಎಂದು ಕೇಳಬಹುದು. ಬೆನ್ನು ನೋಡಿ: ಸುತ್ತಿನ ಸಾಲುಗಳು ಖಣದ ಜಾಗದಲ್ಲಿಯೂ ತಮ್ಮ ಪಾಡಿಗೆ ಓಡಿವೆ, ಖಣದ ಅಂಚಿನ ಹೊಲಿಗೆ ಅವುಗಳನ್ನು ದಾಟಿ ಬಿದ್ದಿದೆ. ಸುತ್ತು ಮುಂಚೆ, ಖಣ ಆಮೇಲೆ. ಹಾಗಾದರೆ ವರ್ಷಗಳ ನಂತರ ಹರಿದದ್ದಕ್ಕೆ ಹಚ್ಚಿದ ತೇಪೆ ಇರಬಹುದಲ್ಲ? ಅದೂ ಅಲ್ಲ. ಖಣದ ಸುತ್ತಲ ನೂಲು ಉಳಿದ ನೂಲಿನಷ್ಟೇ ಮಾಸಿದೆ. ನಿಜವಾದ ತೇಪೆ ಕಾಲ ಕಡೆ ಇದೆ, ಮಿರುಗುವ ನೈಲಾನ್ ದಾರದಲ್ಲಿ ಹೊಲಿದದ್ದು, ಮಾಡಿದವಳಿಗೆ ಕೆಲಸ ಬೇಗ ಮುಗಿಯಬೇಕಿತ್ತು ಎಂಬುದು ಸ್ಪಷ್ಟ. ಆ ತೇಪೆಯ ಪಕ್ಕ ಬಟ್ಟೆ ಮತ್ತೆ ಬಾಯಿಬಿಟ್ಟಿದ್ದು, ಒಳಗೆ ಇನ್ನೊಂದು ಕೌದಿಯ ಹೊಲಿಗೆ ಕಾಣುತ್ತದೆ.

ಇನ್ನೊಂದು ಸಂಗತಿ. ಬೆನ್ನಿನ ಎಡಭಾಗದಲ್ಲಿ ಅಂಗುಲಕ್ಕೆ ಐದು ಹೊಲಿಗೆ, ಬಲಭಾಗದಲ್ಲಿ ಮೂರು. ಜಾನಪದದ ಮೇಲೆ ಬರೆಯುವವರು ಇಂಥ ಏರುಪೇರು ಕಂಡ ಕೂಡಲೇ ‘ಸಹಜತೆ’ ಎಂದು ಕರಗಿಬಿಡುತ್ತಾರೆ. ಎದುರುಬದಿರು ಕೂತು ಇಬ್ಬರು ಹೊಲಿದಿದ್ದಾರೆ, ಅಷ್ಟೇ. ಮನೆಯವರಿಗೆ ಅದು ಒಂದೇ ನೋಟಕ್ಕೆ ಗೊತ್ತು: ಸಣ್ಣ ಹೊಲಿಗೆ ಅತ್ತೆಯದು, ಉದ್ದ ಹೊಲಿಗೆ ನೆಗೆಣ್ಣಿಯದು. ನೆಗೆಣ್ಣಿಯ ಅವಸರದ ಬಗ್ಗೆ ಅವರು ಆಡಿದ ಮಾತು ನಮ್ಮ ಯಾವ ವಿಮರ್ಶಕನ ಮಾತಿಗಿಂತಲೂ ನಿಖರವಾಗಿತ್ತು, ಕಠಿಣವಾಗಿಯೂ ಇತ್ತು. ಯಾರ ಕೈ ಚಲೋ, ಯಾರದು ಒರಟು, ಯಾರ ಕೌದಿ ಒಗೆದ ಮೇಲೂ ಸೊಟ್ಟ ಆಗುವುದಿಲ್ಲ ಎಂಬ ತೀರ್ಪು ಈ ಊರುಗಳಲ್ಲಿ ಪ್ರತಿ ಓಣಿಯಲ್ಲೂ ನಡೆಯುತ್ತದೆ. ಕೂಲಿಗೆ ಕೌದಿ ಹೊಲಿಯಲು ಬರುವ ಅಲೆಮಾರಿ ಸಮುದಾಯಗಳ ಹೆಂಗಸರನ್ನೂ ಅದೇ ಅಳತೆಗೋಲಿನಿಂದ ಅಳೆದು ಕರೆಯುತ್ತಾರೆ, ಇಲ್ಲವೇ ಮುಂದೆ ಕಳಿಸುತ್ತಾರೆ.

ಇಲ್ಲಿಯೇ ನನಗೆ ‘ಅನಾಮಿಕ ಕಲಾವಿದೆ’ ಎಂಬ ಮಾತಿನ ಮೇಲೆ ಸಿಟ್ಟು. ಈ ಮಾತು ನಮ್ಮದಲ್ಲ. ಜಪಾನಿನ ಯಾನಗಿ ಸೋಯೆತ್ಸು ಬಡವರ ಮನೆಯ ಬಟ್ಟಲು, ಬೋಗುಣಿಗಳಲ್ಲಿ ಹೆಸರಿಲ್ಲದ ಕುಶಲಿಯ ಚೆಲುವನ್ನು ಕಂಡ. 1936ರಲ್ಲಿ ಟೋಕಿಯೋದಲ್ಲಿ ಅದಕ್ಕೊಂದು ಸಂಗ್ರಹಾಲಯ ತೆರೆದ. ಬರ್ನಾರ್ಡ್ ಲೀಚ್ 1972ರಲ್ಲಿ ಅವನ ಬರಹಗಳನ್ನು ಇಂಗ್ಲಿಷಿಗೆ ತಂದ ಮೇಲೆ ಲೋಕವೆಲ್ಲ ಅದನ್ನೇ ಜಪಿಸಿತು. ಯಾನಗಿ ದೊಡ್ಡ ಕಣ್ಣಿನ ಮನುಷ್ಯ, ಅದರಲ್ಲಿ ಅನುಮಾನವಿಲ್ಲ. ಆದರೆ ಬಟ್ಟಲು ಮಾಡಿದವನ ಹೆಸರು ಅವನ ಊರಿನವರಿಗೆ ಗೊತ್ತಿತ್ತು. ಗೊತ್ತಿಲ್ಲದ್ದು ಕೊಂಡು ತಂದವನಿಗೆ. ತನ್ನ ಅಜ್ಞಾನವನ್ನು ವಸ್ತುವಿನ ಗುಣವೆಂದು ಬಗೆಯುವುದು ಸಂಗ್ರಾಹಕನ ಹಳೆಯ ಚಾಳಿ. ನಮ್ಮ ಲೇಖಕರು ಆ ಚಾಳಿಯನ್ನು ಹಾಗೇ ಎತ್ತಿಕೊಂಡು ಕೌದಿಗೆ ಹೊದಿಸಿದ್ದಾರೆ.

ಎರಡನೆಯ ಗುಂಪು ಅಮೆರಿಕದ ಕಡೆ ನೋಡುವವರದು. ಅಲಬಾಮಾದ ಜೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಂಗಸರ ಕೌದಿಗಳು 2002ರಲ್ಲಿ ಹ್ಯೂಸ್ಟನ್ನಿನಲ್ಲೂ ನ್ಯೂಯಾರ್ಕಿನಲ್ಲೂ ಗೋಡೆ ಏರಿದವು, 2006ರಲ್ಲಿ ಅಂಚೆಚೀಟಿಯಾದವು. ಅವನ್ನು ಆಧುನಿಕ ಅಮೂರ್ತ ಚಿತ್ರಗಳಿಗೆ ಹೋಲಿಸಿ ಹೊಗಳಿದರು. ನಮ್ಮವರೂ ಕೂಡಲೇ ಕೌದಿಗೆ ಮೊಳೆ ಹೊಡೆದರು. ಆ ಪ್ರದರ್ಶನದಿಂದ ಕಲಿಯಬೇಕಾದದ್ದು ಒಂದಿತ್ತು: ಪ್ರತಿ ಕೌದಿಯ ಜೊತೆ ಹೊಲಿದವಳ ಹೆಸರಿತ್ತು. ಅದನ್ನು ಬಿಟ್ಟು ಮೊಳೆಯನ್ನು ಮಾತ್ರ ಕಲಿತೆವು. ನೇತುಹಾಕಿದ ಕೌದಿಗೆ ಒಂದೇ ಮೈ. ಅದರ ಭಾರ, ಮಗುಚಿದಾಗಿನ ಬೆನ್ನು, ನಡುವಿನ ನಿರಿಗೆ ಎಲ್ಲವೂ ಗೋಡೆಗೆ ಸೇರಿಹೋದವು.

ಮೂರನೆಯವರ ಜೊತೆ ಜಗಳ ಮಾಡುವುದು ಕಷ್ಟ, ಅವರು ಸಜ್ಜನರು. ಕೈಯುತ್ಪನ್ನಗಳಿಗೆ ತೆರಿಗೆ ಬೇಡವೆಂದು ಹೆಗ್ಗೋಡಿನ ಪ್ರಸನ್ನ 2017ರಲ್ಲಿ ಸತ್ಯಾಗ್ರಹ ಹೂಡಿದಾಗ ನಾನೂ ಒಳಗೊಳಗೇ ಅವರ ಪಕ್ಷದವನೇ. ಆದರೆ ಆ ಚಳವಳಿಯ ಸುತ್ತ ಬೆಳೆದ ಬರವಣಿಗೆಯಲ್ಲಿ ಕೈಯಿಂದ ಆದದ್ದೆಲ್ಲ ಚೆಲುವು ಎಂಬ ನಂಬಿಕೆ ಬೇರುಬಿಟ್ಟಿತು. ಕೈಯಿಂದ ಆದ ಕೆಟ್ಟ ಕೌದಿ ಧಾರಾಳ ಇವೆ. ಅದನ್ನು ಹೇಳದಿದ್ದರೆ ಆ ಅತ್ತೆಯ ಐದು ಹೊಲಿಗೆಗೂ ನೆಗೆಣ್ಣಿಯ ಮೂರು ಹೊಲಿಗೆಗೂ ಒಂದೇ ಬೆಲೆ ಕಟ್ಟಿದಂತಾಯಿತು. ಹೊಗಳುವವರಿಂದ ಕೆಲವು ಹೆಂಗಸರ ಕೈಗೆ ನಾಲ್ಕು ಕಾಸು ಬಂದಿದೆ, ನಿಜ. ಅದು ವ್ಯಾಪಾರದ ಗೆಲುವು, ವಿಮರ್ಶೆಯದಲ್ಲ.

‘ಪುರಾತನ ಕೌದಿ’ ಎಂದು ಮಾರುವವರ ವಿಷಯ ಬೇರೆ. ಚೀನಾದ ಹಳ್ಳಿಗಳ ಮಕ್ಕಳ ಹುಲಿಮುಖದ ಟೋಪಿ, ಕಸೂತಿಯ ಜೋಳಿಗೆಗಳನ್ನು ಲೋಕದ ಸಂಗ್ರಾಹಕರು ಕೂಡಿಟ್ಟಿದ್ದಾರೆ. ಹಬ್ಬಕ್ಕೆ ತೊಡಿಸಿ ಪೆಟ್ಟಿಗೆಯಲ್ಲಿಟ್ಟ ವಸ್ತು ಬಾಳಿಕೆ ಬರುತ್ತದೆ.  ಕೌದಿಯಾದರೋ ದಿನಾ ನೆಲಕ್ಕೆ ಬೀಳುವ ವಸ್ತು. ಹರಿದ ಮೇಲೆ ಅದು ಹೊಸ ಕೌದಿಯ ಹೊಟ್ಟೆಗೆ ಹೋಗುತ್ತದೆ. ಗಳಗನಾಥದ ಆ ಕೌದಿಯ ಒಳಗೆ ಕಂಡದ್ದು ಅದೇ. ನೂರು ವರ್ಷದ ಕೌದಿ ಎಂದು ಯಾರಾದರೂ ದುಬಾರಿ ಬೆಲೆ ಹೇಳಿದರೆ ಒಳಪದರ ಬಿಚ್ಚಿ ತೋರಿಸಿ ಎನ್ನಿ. ಪಾಲಿಸ್ಟರ್ ಸೀರೆ ಸಿಕ್ಕರೆ ಮಾತು ಅಲ್ಲಿಗೆ ಮುಗಿಯಿತು. ಪಾಲಿಸ್ಟರ್ ಬಂದ ಮೇಲಿನ ಕೌದಿಗಳು ಬಹುಪಾಲು ಕೆಳಮಟ್ಟದವು, ಇದನ್ನೂ ಸಂಕೋಚವಿಲ್ಲದೆ ಹೇಳಬೇಕು. ಹತ್ತಿ ಬಟ್ಟೆ ಒಂದನ್ನೊಂದು ಹಿಡಿದುಕೊಳ್ಳುತ್ತದೆ, ಪಾಲಿಸ್ಟರ್ ಜಾರುತ್ತದೆ. ಬೆವರು ಹೀರುವುದಿಲ್ಲ, ಎಷ್ಟು ಸವರಿದರೂ ನಡುವಿನ ಉಬ್ಬು ಹೋಗುವುದಿಲ್ಲ.

ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಗೆ ಹೋದವರೆಲ್ಲ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್‌ನ ಆಳೆತ್ತರದ ಸಿಮೆಂಟ್ ಹಳ್ಳಿಗರನ್ನು ನೋಡಿ ಬೆರಗಾಗುತ್ತಾರೆ. ದೊಡ್ಡಾಟಕ್ಕೆ ಮರುಜೀವ ಕೊಟ್ಟ ಸೊಲಬಕ್ಕನವರ ಋಣ ನಮ್ಮ ಮೇಲಿದೆ. ಆ ತೋಟದ ಕೀರ್ತಿ ಮಾತ್ರ ನನಗೆ ಅತಿಯೆನಿಸುತ್ತದೆ: ಅಲ್ಲಿ ಹಳ್ಳಿಯ ಸಾಮಾನುಗಳ ಆಕಾರವಿದೆ, ತೂಕವಿಲ್ಲ. ಅದೇ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಇದೆ. ನನ್ನ ಬೇಡಿಕೆ ಅವರಿಗೆ, ಮತ್ತು ಕೌದಿ ಕೂಡಿಡುವ ಎಲ್ಲರಿಗೂ. ಕೌದಿಗಳನ್ನು ಗೋಡೆಯಿಂದ ಇಳಿಸಿ ಮಂಚದ ಮೇಲೆ ಹಾಸಿ, ಒಂದು ಮೂಲೆ ಮಗುಚಿಡಿ. ಹೊಲಿದವಳ ಹೆಸರು, ಊರು, ಯಾವ ಪದರು ಯಾರ ಬಟ್ಟೆ ಎಂಬುದನ್ನು ಫಲಕದಲ್ಲಿ ಬರೆಯಿರಿ. ಇಬ್ಬರು ಹೊಲಿದಿದ್ದರೆ ಇಬ್ಬರ ಹೆಸರನ್ನೂ ಬರೆಯಿರಿ. ಒಳ್ಳೆಯ ಕೌದಿಯ ಪಕ್ಕದಲ್ಲಿ ಒಂದು ಕೆಟ್ಟ ಕೌದಿಯನ್ನೂ ಇಡಿ.